ಕೊರತೆಯಿಲ್ಲದ ಮದರ್‌ಬೋರ್ಡ್

ತೈಪೇ ಪಕ್ಕದ ಸಾನ್‌ಚೋಂಗ್ ಪೇಟೆಯ ಓಣಿಯಲ್ಲಿ ಮೂರನೆಯ ಮಹಡಿಯ ಲ್ಯಾವ್ ಸೂಶಿಯಾಗೆ ಜನ ಇಟ್ಟ ಹೆಸರು 'ಕೊರತೆ ಚಿಕ್ಕಮ್ಮ'. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಕರೆಯುವ ಗಂಡೆದೆ ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ತುಚೆಂಗ್ ಕಡೆಯ ಒಂದು ಕಾರ್ಖಾನೆಯ ಮೂರನೇ ಸಾಲಿನಲ್ಲಿ ಆಕೆ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಬೆಲ್ಟಿನ ಮೇಲೆ ಹರಿದು ಬರುವ ಕಂಪ್ಯೂಟರಿನ ಒಂದೊಂದು ಮದರ್‌ಬೋರ್ಡನ್ನೂ ಭೂತಗನ್ನಡಿಯಲ್ಲಿ ನೋಡಬೇಕು, ಒಂದೇ ಒಂದು ಬಿಡಿಭಾಗ ತನ್ನ ಜಾಗದಲ್ಲಿ ಕೂತಿಲ್ಲವೆಂದರೂ "ಕೊರತೆ!" ಎಂದು ಕೂಗಬೇಕು. ಕೂಗಿದರೆ ಬೆಲ್ಟು ನಿಲ್ಲುತ್ತಿತ್ತು. ಮೇಲಿನ ಕೋಣೆಯಿಂದ ಮ್ಯಾನೇಜರ್ ಇಳಿದು ಬರುತ್ತಿದ್ದ. ಅಷ್ಟು ದೊಡ್ಡ ಕಾರ್ಖಾನೆಯನ್ನು ಒಂದು ಮಾತಿನಲ್ಲಿ ನಿಲ್ಲಿಸುವ ಅಧಿಕಾರ ಕೈಗೆ ಸಿಕ್ಕಿದರೆ ಯಾರು ತಾನೆ ಅದನ್ನು ನಿವೃತ್ತಿಯ ದಿನ ಗೇಟಿನಲ್ಲಿ ಬಿಟ್ಟು ಬರುತ್ತಾರೆ?

ಸೂಶಿಯಾ ಅದನ್ನು ಮನೆಗೆ ತಂದಳು. ನೂಡಲ್ಸ್ ಅಂಗಡಿಯಲ್ಲಿ ಬಟ್ಟಲು ಮುಂದೆ ಬಂದ ಕೂಡಲೇ "ಶುಂಠಿ ಕೊರತೆ." ಪಕ್ಕದ ಮನೆಯ ಮದುವೆಯ ಫೋಟೋ ತೋರಿಸಿದರೆ "ಹುಡುಗನ ಸೋದರಮಾವನ ಕೋಟಿಗೆ ಮೂರನೇ ಗುಂಡಿ ಕೊರತೆ." ದೇವಸ್ಥಾನದ ಪೂಜಾರಿ ಒಮ್ಮೆ ಊದುಬತ್ತಿಯ ಕಟ್ಟು ಕೊಟ್ಟಾಗ ಅಲ್ಲೇ ನಿಂತು ಎಣಿಸಿ ಒಂದು ಕಡಿಮೆ ಎಂದು ತೋರಿಸಿಕೊಟ್ಟಳು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ನೋಡಿದ್ದೇವೆ. ಸೂಶಿಯಾ ಹುಡುಕುತ್ತಿರಲಿಲ್ಲ, ಅವಳ ಕಣ್ಣಿಗೆ ಕಲ್ಲು ತಾನಾಗಿಯೇ ಬಂದು ಬೀಳುತ್ತಿತ್ತು.

ಅವಳ ಗಂಡ ಚಿನ್‌ಫಾ ತರಕಾರಿ ಲಾರಿಯ ಡ್ರೈವರ್. ಮೂವತ್ತೈದು ವರ್ಷ ಯುನ್‌ಲಿನ್‌ನಿಂದ ಎಲೆಕೋಸು ತುಂಬಿಕೊಂಡು ತೈಪೇಗೆ ಬಂದವನು. ಮಾತುಗಾರ, ಅದಕ್ಕಿಂತ ಹೆಚ್ಚಾಗಿ ಬೈಗುಳಗಾರ. ಹೆದ್ದಾರಿಯಲ್ಲಿ ಅವನಿಂದ ಬೈಸಿಕೊಳ್ಳದ ವಾಹನವಿಲ್ಲ ಎಂದು ಸಹಚಾಲಕರೇ ಹೇಳುತ್ತಿದ್ದರು. ಈ ಸಲದ ಹೊಸ ವರ್ಷದ ಹಬ್ಬ ಮುಗಿದ ವಾರ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಕಾಲೂ ಮುಕ್ಕಾಲು ಸರಿಹೋಯಿತು. ಎಡಗೈ ಮಾತ್ರ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಲೈಸೆನ್ಸ್ ಹೋಯಿತು, ಲಾರಿ ಬೇರೆಯವರ ಪಾಲಾಯಿತು. ಚಿನ್‌ಫಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ. ಮಾತಾಡಲು ಬರುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಆದರೂ ಎಂಟು ತಿಂಗಳಿಂದ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, "ಹ್ಞೂಂ."

"ಲೇ ಮುದಿಕೋತಿ, ಅನ್ನ ಹಾಕ್ಲಾ?" ಎಂದರೆ "ಹ್ಞೂಂ." "ನಿನ್ನ ತಲೆ ಮೇಲೆ ಹಾಕ್ಲಾ?" ಎಂದರೂ "ಹ್ಞೂಂ."

ಹೆಂಡತಿಯರು ಗಂಡನನ್ನು ಮುದಿಕೋತಿ ಎನ್ನುವುದು ನಮ್ಮಲ್ಲಿ ಹೊಸದಲ್ಲ. ಹೊಸದೆಂದರೆ ಕೋತಿ ತಿರುಗಿ ಹಲ್ಲು ಕಿರಿಯದೆ ಇದ್ದದ್ದು. ಕೈಗೆ ಕಸರತ್ತಾಗಲಿ ಎಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಅವನು ಬಲಗೈಯಲ್ಲಿ ಎತ್ತಿ ಕಿಟಕಿಯಿಂದಾಚೆ ಎಸೆದ. ಅದು ಕೆಳಮನೆಯವರ ಹೂಕುಂಡ ಒಡೆಯಿತು. ಈ ವರ್ಷದೊಳಗೆ ಎಡಗೈಗೆ ಕೆಲಸ ಕೊಡದಿದ್ದರೆ ಅದು ಕೆಲಸವನ್ನೇ ಮರೆತುಬಿಡುತ್ತದೆ ಎಂದು ವ್ಯಾಯಾಮ ಮಾಡಿಸುವ ಫಾಂಗ್ ಎಂಬ ಹುಡುಗಿ ಎಚ್ಚರಿಸಿದ್ದಳು. ಸೂಶಿಯಾಗೆ ಕೈಯ ಚಿಂತೆ ಇತ್ತು ನಿಜ. ಆದರೆ ಆ 'ಹ್ಞೂಂ' ಕೇಳಿ ಕೇಳಿ ಅವಳಿಗೆ ಭಯವೇ ಹತ್ತಿತ್ತು.

ಒಂದು ದಿನ ಆಸ್ಪತ್ರೆಯಲ್ಲಿ ಫಾಂಗ್ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಮೇಜಿಗೆ ಬಿಗಿದ ಸ್ಟೀರಿಂಗ್, ಪರದೆಯ ಮೇಲೆ ಒಂದು ಲಾರಿ. ಅದು ಲಾರಿ ಓಡಿಸುವ ಗೇಮು. ಚಿನ್‌ಫಾ ಬಲಗೈಯಲ್ಲಿ ಸ್ಟೀರಿಂಗ್ ಹಿಡಿದ. ಲಾರಿ ಒಂದು ತಿರುವಿಗೆ ಬಂತು. ಅವನ ಎಡಗೈ ತೊಡೆ ಬಿಟ್ಟು ಎದ್ದು, ನಡುಗುತ್ತಾ ಹೋಗಿ ಸ್ಟೀರಿಂಗಿನ ಅಂಚಿಗೆ ಆತುಕೊಂಡಿತು. ಅವನ ತುಟಿಯೂ ಸ್ವಲ್ಪ ಅಲ್ಲಾಡಿದಂತಾಯಿತು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದು ಮುಂದಿನ ರೋಗಿ ಬಂದ.

"ಇದು ಮನೇಲೇ ಇದ್ರೆ ದಿನಾ ಒಂದು ಗಂಟೆ ಆಡಬಹುದು ಚಿಕ್ಕಮ್ಮ," ಎಂದು ಫಾಂಗ್ ಒಂದು ಚೀಟಿಯಲ್ಲಿ ಏನೇನು ಬೇಕೆಂದು ಬರೆದುಕೊಟ್ಟಳು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ಸ್ಟೀರಿಂಗ್. ಮದರ್‌ಬೋರ್ಡ್ ಎಂದು ಬರೆದು ಮುಂದೆ ಖಾಲಿ ಬಿಟ್ಟಳು. "ಇದೊಂದು ಯಾವುದು ಅಂತ ನಂಗೂ ಗೊತ್ತಿಲ್ಲ, ಅಂಗಡೀಲೇ ಕೇಳಿ."

"ಅದೊಂದನ್ನ ನಂಗೆ ಬಿಡು," ಎಂದಳು ಸೂಶಿಯಾ. ಇಪ್ಪತ್ತೊಂಬತ್ತು ವರ್ಷದಲ್ಲಿ ಲಕ್ಷಗಟ್ಟಲೆ ಮದರ್‌ಬೋರ್ಡ್ ನೋಡಿದವಳು ಒಂದನ್ನೂ ಕೊಂಡಿರಲಿಲ್ಲ. ಆ ಚೀಟಿಯಲ್ಲಿ ಅವಳಿಗೆ ಅರ್ಥವಾದ ಪದವೂ ಅದೊಂದೇ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಗ್ವಾಂಗ್‌ಹುವಾಗೆ ಹೋದಳು. ಆರು ಮಹಡಿ ತುಂಬ ಕಂಪ್ಯೂಟರ್ ಅಂಗಡಿಗಳಿರುವ ಕಟ್ಟಡ ಅದು. ಒಟ್ಟು ನಲವತ್ತು ಸಾವಿರದೊಳಗೆ ಎಲ್ಲ ಮುಗಿಯಬೇಕೆಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು. ಎರಡನೇ ಮಹಡಿಯ ಮೂಲೆಯಲ್ಲಿ ಕ್ವಾನ್‌ತಿಂಗ್ ಎಂಬ ಮೂವತ್ತು ದಾಟಿದ ದುಂಡು ಮುಖದವನ ಅಂಗಡಿ ಮೊದಲು ಸಿಕ್ಕಿತು.

"ಬನ್ನಿ ಚಿಕ್ಕಮ್ಮ, ಏನ್ ಬೇಕಿತ್ತು?"

"ಅಕ್ಕ ಅನ್ನೋಕೆ ಬಾಯಿ ನೋಯುತ್ತಾ?"

"ತಪ್ಪಾಯ್ತು ಅಕ್ಕ. ಮೊಮ್ಮಗನಿಗಾ?"

"ಗಂಡನಿಗೆ. ಅರವತ್ತೇಳು ವರ್ಷ. ಲಾರಿ ಓಡಿಸೋ ಗೇಮ್ ಆಡ್ತಾನೆ. ಮೊದ್ಲು ಮದರ್‌ಬೋರ್ಡ್ ತೋರ್ಸು."

ಕ್ವಾನ್‌ತಿಂಗ್ ಉತ್ಸಾಹದಿಂದ ಬಣ್ಣ ಬಣ್ಣದ ದೀಪ ಮಿನುಗುವ ಒಂದನ್ನು ತೋರಿಸಿದ. ಸೂಶಿಯಾ ಕತ್ತು ಓರೆ ಮಾಡಿ ನೋಡಿದಳು.

"ಇದೇನು, ಮಾಝು ದೇವಿ ಮೆರವಣಿಗೇಲಿ ಮುಂದೆ ಹೋಗುತ್ತಾ? ದೀಪ ಆರ್ಸು. ಡಬ್ಬ ಬಿಚ್ಚು. ಹಿಂಭಾಗ ನೋಡ್ಬೇಕು."

"ಹಿಂಭಾಗಾನಾ? ಯಾರೂ ಹಿಂಭಾಗ ನೋಡಲ್ಲ ಅಕ್ಕ!"

"ಅದಕ್ಕೇ ನಾನು ನೋಡೋದು."

ಹೇಳಿ ಮುಗಿಸುವಷ್ಟರಲ್ಲಿ ಚೀಲದಿಂದ ಕಾರ್ಖಾನೆಯ ಹಳೆಯ ಮಣಿಕಟ್ಟಿನ ಪಟ್ಟಿ ತೆಗೆದು ತೊಟ್ಟುಕೊಂಡಳು. ಮೈಯ ವಿದ್ಯುತ್ತು ಬೋರ್ಡಿಗೆ ತಾಗದಂತೆ ನೆಲಕ್ಕಿಳಿಸುವ ಪಟ್ಟಿ ಅದು. ಅದರ ವೈರಿನ ತುದಿಯನ್ನು ಕ್ವಾನ್‌ತಿಂಗನ ಕಬ್ಬಿಣದ ಕಪಾಟಿಗೆ ಸಿಕ್ಕಿಸಿದಳು. ಆಮೇಲೆ ಮಡಚುವ ಭೂತಗನ್ನಡಿ ಹೊರಬಂತು. ಎರಡು ಅಂಚುಗಳನ್ನಷ್ಟೇ ಬೆರಳಲ್ಲಿ ಹಿಡಿದು ಬೋರ್ಡನ್ನು ಬೆಳಕಿಗೆ ಎತ್ತಿದಳು. ಕ್ವಾನ್‌ತಿಂಗ್ ತನ್ನ ಅಂಗಡಿಗೆ ಸುಂಕದವರು ದಾಳಿ ಇಟ್ಟರೇನೋ ಎಂಬಂತೆ ನಿಂತಿದ್ದ.

"ಕೊರತೆ!"

ಪಕ್ಕದ ಮೂರು ಅಂಗಡಿಯವರು ಕತ್ತು ಚಾಚಿದರು.

"ಇಲ್ಲಿ ನೋಡು, ಎರಡು ಭಾಗ ಕೂರ್ಸೇ ಇಲ್ಲ. ಬೆಸುಗೆ ಜಾಗ ಬೋಳು. ಇಲ್ಲೊಂದು ಕೊರತೆ. ಇಲ್ಲಿ ಇಡೀ ಸಾಲೇ ಕೊರತೆ! ಇಂಥಾದ್ದನ್ನ ಮಾರ್ತಿದ್ದೀಯಲ್ಲೋ ತಮ್ಮಾ, ನಿನ್ನ ಅಮ್ಮಂಗೆ ಗೊತ್ತಾ?"

"ಅದು ಹಾಗೇ ಇರೋದು ಅಕ್ಕ..."

"ಹಾಗೇ ಇರೋದಾ? ಹಾಗೇ ಇದ್ದಿದ್ರೆ ನಾನು ಇಪ್ಪತ್ತೊಂಬತ್ತು ವರ್ಷ ಏನ್ ಕಡ್ಲೆಪುರಿ ತಿಂತಾ ಕೂತಿದ್ನಾ?"

ಅವನು ಇನ್ನೊಂದು ತೆಗೆದ. ಅದರಲ್ಲಿ ಖಾಲಿ ಜಾಗ ಹನ್ನೊಂದು. ಅಗ್ಗದ ಮತ್ತೊಂದರಲ್ಲಿ ನಲವತ್ತು ದಾಟಿತು, ಸೂಶಿಯಾ ಅದನ್ನು ಹೆಣವನ್ನು ಮಲಗಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟಳು. ಅಲ್ಲಿಂದ ಎದ್ದು ಮಿಕ್ಕ ಅಂಗಡಿಗಳಿಗೂ ನುಗ್ಗಿದಳು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಅಂಗಡಿ ಮುಗಿದಿತ್ತು. ನಾಲ್ಕನೇ ಮಹಡಿಯಲ್ಲಿ ಅವಳು ಎಸ್ಕಲೇಟರ್ ಇಳಿಯುವ ಮೊದಲೇ ಡಬ್ಬಗಳು ಒಳಗೆ ಸೇರುತ್ತಿದ್ದವು. ಒಬ್ಬ ಅಂಗಡಿಯಾತ "ಊಟಕ್ಕೆ ಹೋಗಿದ್ದೇನೆ" ಎಂಬ ಫಲಕವನ್ನು ತಾನೇ ಕೈಯಲ್ಲಿ ಹಿಡಿದು ನಿಂತಿದ್ದ.

ಇಡೀ ಕಟ್ಟಡದಲ್ಲಿ ಅವಳ ಕಣ್ಣಿಗೆ ಒಂದೂ ಖಾಲಿ ಜಾಗ ಕಾಣದ ಬೋರ್ಡು ಒಂದೇ. ಅದು ಕ್ವಾನ್‌ತಿಂಗನ ಅಂಗಡಿಯಲ್ಲೂ ಸಿಗುತ್ತಿತ್ತು, ಬೆಲೆ ಹತ್ತೊಂಬತ್ತು ಸಾವಿರ. ಅದನ್ನು ಕೊಂಡರೆ ಸ್ಟೀರಿಂಗಿಗೆ ಏನೂ ಉಳಿಯುವುದಿಲ್ಲ. ಅಗ್ಗದ್ದು ಕೊಳ್ಳೋಣವೆಂದರೆ ಕೈ ಒಪ್ಪುವುದಿಲ್ಲ, ಅಂಥ ಬೋರ್ಡನ್ನು ಮುಂದಕ್ಕೆ ಬಿಡಬೇಕೆಂದರೆ ಅವಳ ಬೆರಳುಗಳೇ ಮರಗಟ್ಟುತ್ತಿದ್ದವು. ಬಿಸಿತುಪ್ಪ ನುಂಗಲೂ ಆಗದು ಉಗುಳಲೂ ಆಗದು ಎನ್ನುವ ಹಾಗೆ ಆಗಿ, ಬರಿಗೈಯಲ್ಲಿ ಬಸ್ಸು ಹತ್ತಿದಳು.

ಹೀಗೇ ಮೂರು ವಾರ ಹೋಯಿತು. ಪ್ರೊಸೆಸರ್ ಬಂತು, ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ಪರದೆ ಬಂದವು, ಇವನ್ನೆಲ್ಲ ಒಳಗೆ ಕೂರಿಸುವ ಕಬ್ಬಿಣದ ಪೆಟ್ಟಿಗೆ ಬಂದು ಊಟದ ಮೇಜಿನ ಮೇಲೆ ಕೂತಿತು. ಎಲ್ಲವನ್ನೂ ಹೊತ್ತು ನಿಲ್ಲಬೇಕಾದ ಬೋರ್ಡು ಮಾತ್ರ ಬರಲಿಲ್ಲ. ಗಂಡಹೆಂಡಿರು ಪೆಟ್ಟಿಗೆಯ ಆಚೆ ಈಚೆ ಕೂತು ಉಂಡರು. ಫಾಂಗ್ ಫೋನು ಮಾಡಿದಳು. "ಚಿಕ್ಕಮ್ಮ, ಈ ಸಲ ಅಳತೆ ನೋಡಿದ್ರೆ ಎಡಗೈ ಹಿಂದಿನ ತಿಂಗಳಿಗಿಂತ ಬಿಗಿದಿದೆ. ಕಂಪ್ಯೂಟರ್ ಎಲ್ಲಿಗೆ ಬಂತು?" ಸೂಶಿಯಾ ಏನೋ ಒಂದು ಹೇಳಿ ಫೋನಿಟ್ಟಳು. ಒಳಗೆ ಚಿನ್‌ಫಾ ನೀರು ಕುಡಿಯುವಾಗ ಎಡಗೈ ಕುರ್ಚಿಯ ಸಂದಿಗೆ ಸಿಕ್ಕಿಕೊಂಡಿತ್ತು. ಅದು ಸಿಕ್ಕಿಕೊಂಡಿರುವುದು ಅವನಿಗೆ ಗೊತ್ತೇ ಆಗಿರಲಿಲ್ಲ. ಆಕೆ ಅದನ್ನು ಬಿಡಿಸಿ ತೊಡೆಯ ಮೇಲಿಟ್ಟು, ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾರನೇ ದಿನ ಕ್ವಾನ್‌ತಿಂಗನ ಅಂಗಡಿಗೆ ಹೋಗಿ, "ಆ ಹತ್ತೊಂಬತ್ತು ಸಾವಿರದ್ದು ಕೊಡು," ಎಂದಳು.

"ಸ್ಟೀರಿಂಗು?"

"ಸ್ಟೀರಿಂಗ್ ಬೇಡ. ಬಟನ್ ಒತ್ತಿ ಆಡ್ತಾನೆ."

ಕ್ವಾನ್‌ತಿಂಗ್ ಕೈ ಕಟ್ಟಿಕೊಂಡ. "ಮಾರಲ್ಲ."

"ಏನಂದೆ?"

"ಮಾರಲ್ಲ ಅಕ್ಕ. ಸ್ಟೀರಿಂಗ್ ಇಲ್ದೆ ಲಾರಿ ಓಡ್ಸೋಕೆ ಹತ್ತೊಂಬತ್ತು ಸಾವಿರದ ಬೋರ್ಡ್ ಮಾರಿದೆ ಅಂತ ಗೊತ್ತಾದ್ರೆ ಈ ಬಿಲ್ಡಿಂಗಲ್ಲಿ ನನಗೆ ಮರ್ಯಾದೆ ಇರುತ್ತಾ? ಇಲ್ಲಿ ಬನ್ನಿ, ಒಂದು ತೋರಿಸ್ತೀನಿ."

ಅಂಗಡಿಯ ಒಳಗಡೆ ಒಂದು ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಅದರ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ. ಆ ತಿಂಡಿಯ ಹೆಸರಿಗೇ 'ಜಾಣನಾಗಿರು' ಎಂಬ ಅರ್ಥ, ಯಂತ್ರ ಹಟ ಮಾಡದಿರಲಿ ಎಂದು ಆ ನಾಡಿನಲ್ಲಿ ಆಸ್ಪತ್ರೆಯಿಂದ ಬ್ಯಾಂಕಿನವರೆಗೆ ಎಲ್ಲರೂ ಇಡುವ ಪೊಟ್ಟಣ. ಹಸಿರೇ ಆಗಬೇಕು, ಹಳದಿಯಾದರೆ ಯಂತ್ರಕ್ಕೆ ಕೋಪ. ಸೂಶಿಯಾ ಮೊದಲು ಪೊಟ್ಟಣವನ್ನು ತಿರುಗಿಸಿ ತಾರೀಕು ನೋಡಿದಳು.

"ಮುಂದಿನ ತಿಂಗಳಿಗೆ ಅವಧಿ ಮುಗಿಯುತ್ತೆ. ಬದಲಾಯಿಸು."

"ಆಯ್ತು ಬದಲಾಯಿಸ್ತೀನಿ, ಈಗ ಒಳಗೆ ನೋಡಿ." ಅವನು ಯಂತ್ರ ನಿಲ್ಲಿಸಿ, ಬೋರ್ಡು ಬಿಚ್ಚಿ ಅವಳ ಕೈಗೆ ಕೊಟ್ಟ. "ನಾಲ್ಕು ವರ್ಷದಿಂದ ನಮ್ಮ ಅಂಗಡಿ ಲೆಕ್ಕ, ಕ್ಯಾಮೆರಾ, ಬಂದ ಗ್ರಾಫಿಕ್ಸ್ ಕಾರ್ಡುಗಳ ಪರೀಕ್ಷೆ ಎಲ್ಲಾ ಇದ್ರಲ್ಲೇ. ಒಂದು ದಿನಾನೂ ಕೈಕೊಟ್ಟಿಲ್ಲ. ಎಣಿಸಿ."

ಸೂಶಿಯಾ ಕನ್ನಡಿ ಹಿಡಿದಳು. ಮೂವತ್ತೊಂದು ಖಾಲಿ. ನಂಬಿಕೆ ಬಾರದೆ ಮತ್ತೆ ಎಣಿಸಿದಳು. ಮೂವತ್ತೊಂದೇ.

"ನೋಡಿ ಅಕ್ಕ, ಬೋರ್ಡಿನ ನಕ್ಷೆ ಒಂದೇ ಬರೀತಾರೆ. ಅದ್ರಲ್ಲಿ ದುಡ್ಡಿದ್ದವನಿಗೆ ಬೇಕಾದ್ದಕ್ಕೂ ಜಾಗ ಇಟ್ಟಿರ್ತಾರೆ. ಇಲ್ಲದವನ ಬೋರ್ಡಲ್ಲಿ ಆ ಜಾಗ ಹಾಗೇ ಬಿಡ್ತಾರೆ. ಬಿಟ್ಟೂ ಓಡೋ ಹಾಗೇ ಮಾಡಿರ್ತಾರೆ. ಅದು ಬಿದ್ದುಹೋಗಿದ್ದಲ್ಲ, ಯಾರೂ ಮರೆತದ್ದೂ ಅಲ್ಲ. ನಿಮ್ಮ ಸಾಲಲ್ಲಿ ಯಾವ ಬೋರ್ಡ್ ಬರ್ತಿತ್ತು?"

"ದೊಡ್ಡದು. ಎಲ್ಲಾದ್ಕಿಂತ ದೊಡ್ಡದು. ಜಪಾನಿಗೆ ಹೋಗ್ತಿತ್ತು."

"ಅದಕ್ಕೇ! ನೀವು ನೋಡಿದ್ದೆಲ್ಲಾ ಭರ್ತಿ."

"ಹಾಗಾದ್ರೆ ಐದನೇ ಸಾಲಲ್ಲಿ..." ಎಂದು ಸೂಶಿಯಾ ಅಲ್ಲೇ ನಿಂತಳು. ಕಾರ್ಖಾನೆಯಲ್ಲಿ ಸಾಲು ಸಾಲಿನ ನಡುವೆ ತಗಡಿನ ಗೋಡೆ. ಐದನೇ ಸಾಲಿನ ಹೆಂಗಸರು ಸಂಜೆ ಐದು ಹೊಡೆಯುತ್ತಲೇ ಕೈ ತೊಳೆದು ನಗುತ್ತಾ ಹೊರಡುತ್ತಿದ್ದರು, ಮೂರನೇ ಸಾಲಿನವರು ಏಳರವರೆಗೆ ಕಣ್ಣು ಕೀಲಿಸಿ ಕೂತಿರುತ್ತಿದ್ದರು. ಅವರು ಮೈಗಳ್ಳಿಯರು, ಅರ್ಧಂಬರ್ಧ ಕೆಲಸ ಮಾಡಿ ಮನೆಗೆ ಓಡುವವರು ಎಂದು ಸೂಶಿಯಾ ಇಪ್ಪತ್ತು ವರ್ಷ ಹಲ್ಲು ಕಡಿದಿದ್ದಳು. ಆ ಸಾಲಿನ ಮೇಯೂ ಜೊತೆಗಂತೂ ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂತಿರಲಿಲ್ಲ.

ಮಾಡಿದ ತಪ್ಪನ್ನು ಇಟ್ಟುಕೊಂಡು ತಿರುಗುವ ಜಾಯಮಾನ ಅವಳದಲ್ಲ. ಅಂಗಡಿಯಲ್ಲೇ ಫೋನು ತೆಗೆದಳು.

"ಮೇಯೂ, ನಾನು ಕಣೆ, ಮೂರನೇ ಸಾಲಿನ ಸೂಶಿಯಾ. ನಿಮ್ಮ ಬೋರ್ಡಲ್ಲಿ ಭಾಗಗಳೇ ಕಮ್ಮಿ ಇದ್ವಂತೆ. ನಾನು ನಿನ್ನನ್ನ ಕೆಲಸಗಳ್ಳಿ ಅಂದ್ಕೊಂಡಿದ್ದೆ. ತಪ್ಪಾಯ್ತು."

ಆ ಕಡೆಯ ದನಿ ಕ್ವಾನ್‌ತಿಂಗನಿಗೂ ಕೇಳಿಸುವಷ್ಟು ಜೋರಾಗಿತ್ತು. "ಅಂದ್ಕೊಂಡಿದ್ದೆನಾ? ಬಾಯ್ಬಿಟ್ಟೇ ಅಂದಿದ್ದೆ ಕಣೆ! ಶೌಚಾಲಯದ ಬಾಗಿಲ ಮೇಲೆ ಬರೆದದ್ದೂ ನೀನೇ!"

"ಅದು ನಾನಲ್ಲ. ಅದು ಬೇರೆಯವಳು," ಎಂದು ಸೂಶಿಯಾ ಗಡಿಬಿಡಿಯಲ್ಲಿ ಫೋನಿಟ್ಟಳು. ಬರೆದದ್ದು ಅವಳೇ.

ಕೊನೆಗೆ ಹನ್ನೊಂದು ಖಾಲಿ ಜಾಗದ, ನಡುಬೆಲೆಯ ಬೋರ್ಡು ಎಂದು ತೀರ್ಮಾನವಾಯಿತು. ಸ್ಟೀರಿಂಗು ಸಿಕ್ಕಿಸಲು ಬೇಕಾದಷ್ಟು ತೂತುಗಳಿದ್ದವು, ಪ್ರೊಸೆಸರ್ ಸರಿಯಾಗಿ ಕೂರುತ್ತಿತ್ತು, ದೀಪಗಳಿರಲಿಲ್ಲ. ಹಾಗೆಂದು ಸುಮ್ಮನೆ ಕೊಂಡುಹೋಗುವವಳೇ ಸೂಶಿಯಾ? ಅದೇ ಮಾದರಿಯ ಮೂರು ಡಬ್ಬ ಬಿಚ್ಚಿಸಿದಳು. ಎರಡನೆಯದನ್ನು ಬೆಳಕಿಗೆ ಓರೆ ಹಿಡಿದವಳು ಈ ಸಲ ಕೂಗದೆ ಅವನನ್ನು ಹತ್ತಿರ ಕರೆದಳು. ಪ್ರೊಸೆಸರ್ ಕೂರುವ ಚೌಕದಲ್ಲಿ, ಸಾವಿರಕ್ಕೂ ಮೀರಿದ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳ ನಡುವೆ ಒಂದೇ ಒಂದು ಮುಳ್ಳು ಬಾಗಿತ್ತು. ಕ್ವಾನ್‌ತಿಂಗ್ ಕನ್ನಡಿಯಲ್ಲಿ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅದನ್ನು ಹಾಗೇ ಮಾರಿದ್ದರೆ ಗಿರಾಕಿ ಬಂದು ತಪ್ಪನ್ನು ಅವನ ಮೇಲೆಯೇ ಹೇರುತ್ತಿದ್ದ.

"ಅಕ್ಕ," ಎಂದ, ಈ ಸಲ ಮನಸಾರೆ. "ವಾರಕ್ಕೊಂದು ದಿನ ಬಂದುಹೋಗ್ತೀರಾ?"

"ನಂಗೆ ಮನೇಲಿ ಕೆಲಸ ಇದೆ," ಎಂದು ಸೂಶಿಯಾ ಉಳಿದ ದುಡ್ಡಿಗೆ ಸ್ಟೀರಿಂಗನ್ನೂ ಕೊಂಡು, ಮೂರನೆಯ ಡಬ್ಬವನ್ನು ಎದೆಗವಚಿಕೊಂಡು ಹೊರಟಳು. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರೂ ಡಬ್ಬವನ್ನು ತೊಡೆಯಿಂದ ಇಳಿಸಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಜೋಡಿಸಲು ಕೂತಳು. ಬೋರ್ಡು ಅವಳ ಕೈಗೆ ಎಷ್ಟು ಪರಿಚಯವೋ ಮಿಕ್ಕವು ಅಷ್ಟೇ ಅಪರಿಚಿತ. ಎರಡು ಸಲ ಕ್ವಾನ್‌ತಿಂಗನಿಗೆ ಫೋನು ಮಾಡಿ ಬೈದು, ಮೂರನೆಯ ಸಲ ಮಾಡಿ ಕ್ಷಮೆ ಕೇಳಿದಳು. ಚಿನ್‌ಫಾ ಕಿಟಕಿಯ ಕಡೆಯಿಂದ ಕುರ್ಚಿಯನ್ನು ಸ್ವಲ್ಪ ಈಚೆ ತಿರುಗಿಸಿಕೊಂಡಿದ್ದ. ಸಂಜೆ ನಾಲ್ಕೂವರೆಗೆ ಪರದೆಯ ಮೇಲೆ ಲಾರಿ ಬಂತು. ಸೂಶಿಯಾ ಸ್ಟೀರಿಂಗನ್ನು ಮೇಜಿಗೆ ಬಿಗಿದು, ಅವನನ್ನು ತಂದು ಕೂರಿಸಿ, ಎಡಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟಳು. ಅದು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಎದುರಿಗೆ ನಿಂತು ನೋಡುತ್ತಿದ್ದರೆ ಅವನಿಗೂ ಕಷ್ಟ, ತನಗೂ ಕಷ್ಟ ಎಂದು ಅಡಿಗೆಮನೆಗೆ ಹೋಗಿ ಅಣಬೆ ಸಾರಿಗೆ ನೀರಿಟ್ಟಳು. ಕಿವಿ ಮಾತ್ರ ಹೊರಗೇ ಇತ್ತು.

ಎಂಜಿನ್ ಸದ್ದು ಏರಿತು, ಇಳಿಯಿತು. ಏನೋ ಗುದ್ದಿದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಎಂಜಿನ್. ಸೂಶಿಯಾ ಅಣಬೆ ಹೆಚ್ಚುತ್ತಾ ಹೆಚ್ಚುತ್ತಾ ಅಗತ್ಯಕ್ಕಿಂತ ಎರಡು ಪಾಲು ಹೆಚ್ಚಿಬಿಟ್ಟಿದ್ದಳು.

"ಏಯ್ ಕುರುಡು ಮುಂಡೇದೆ! ಇಂಡಿಕೇಟರ್ ಯಾಕೋ ಇಟ್ಟಿದಾರೆ ನಿಂಗೆ, ಲಾಟೀನು ಹಬ್ಬಕ್ಕಾ?"

ಚಾಕು ಕೈಯಿಂದ ಬಿತ್ತು. ಸೂಶಿಯಾ ಬಾಗಿಲಿಗೆ ಓಡಿ ಬಂದಳು. ಚಿನ್‌ಫಾ ಮುಂದಕ್ಕೆ ಬಾಗಿ, ಪರದೆಯ ಮೇಲಿನ ಒಂದು ಕೆಂಪು ಕಾರಿನವನಿಗೆ ಅವನ ಅಪ್ಪ ಅಜ್ಜನನ್ನೆಲ್ಲ ಸೇರಿಸಿ ಬೈಯುತ್ತಿದ್ದ. ಮಾತು ಸ್ವಲ್ಪ ತೊದಲುತ್ತಿತ್ತು, ಬೈಗುಳ ಮಾತ್ರ ಒಂದೂ ತಪ್ಪಿರಲಿಲ್ಲ. ಎಡಗೈಯ ಮೂರು ಬೆರಳು ಸ್ಟೀರಿಂಗನ್ನು ಸುತ್ತಿ ಹಿಡಿದಿದ್ದವು, ಮಿಕ್ಕ ಎರಡು ಗಾಳಿಯಲ್ಲಿದ್ದವು.

ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಚಿನ್‌ಫಾ ಕತ್ತು ತಿರುಗಿಸದೆ, ಕಾಲಿನಿಂದ ಪಕ್ಕದ ಸ್ಟೂಲನ್ನು ಅವಳ ಕಡೆಗೆ ತಳ್ಳಿದ.

"ಏನೇ ಹಾಗೆ ನಿಂತಿದ್ದೀಯ? ಹತ್ತು."

ಮದುವೆಯಾಗಿ ನಲವತ್ತು ವರ್ಷ. ಅವನದು ರಾತ್ರಿಯ ದಾರಿ, ಅವಳದು ಹಗಲಿನ ಪಾಳಿ. ಒಮ್ಮೆಯೂ ಅವಳು ಅವನ ಲಾರಿಯಲ್ಲಿ ಕೂತಿರಲಿಲ್ಲ, ಅವನೂ ಕರೆದಿರಲಿಲ್ಲ.

"ಎಲ್ಲಿಗೆ ಹೊರಟಿದ್ದೀಯೋ ಮುದಿಕೋತಿ?" ಎಂದು ಕೇಳಿದಳು.

"ಜರ್ಮನಿಗೆ. ಆಲೂಗಡ್ಡೆ ಲೋಡು."

"ಅಷ್ಟು ದೂರಾನಾ?" ಎಂದಳು ಸೂಶಿಯಾ, ಸೆರಗಿಲ್ಲದ ಊರಿನವಳಾದ್ದರಿಂದ ತೋಳಿನಲ್ಲೇ ಕಣ್ಣೊರೆಸಿಕೊಂಡು. "ಹಾಗಾದ್ರೆ ತಾಳು, ಒಲೆ ಆರಿಸಿ ಬರ್ತೀನಿ."